ಸಲೋಮೆಯಿಂದಲೇ ಶುರು ಮಾಡಬೇಕಾ? 1890ರ ದಶಕದ ಕಪ್ಪು-ಬಿಳುಪು ಪುಸ್ತಕಗಳಲ್ಲಿ ಯಾವುದು ಯಾರಿಗೆ

ವಿಕ್ಟೋರಿಯಾ ರಾಣಿಯ ಕಾಲ ಮುಗಿಯುತ್ತಾ ಬಂದಾಗ ಲಂಡನ್ನಿನಲ್ಲಿ ಒಂದು ಬಗೆಯ ಪುಸ್ತಕಗಳು ಬಂದವು. ಚಿತ್ರಗಳಲ್ಲಿ ಬಣ್ಣವಿಲ್ಲ. ಕಪ್ಪು ಶಾಯಿ, ಬಿಳಿ ಕಾಗದ, ಅಷ್ಟೇ. ನೋಡಲು ಬಹಳ ಚೆಂದ, ಆದರೆ ಒಳಗೊಳಗೇ ಏನೋ ಕೊಂಕು. ಸತ್ತ ತಲೆಗಳು, ಬಳುಕುವ ಗೆರೆಗಳು, ಗಂಡೋ ಹೆಣ್ಣೋ ಹೇಳಲಾಗದ ಮುಖಗಳು. ಈ ಗುಂಪನ್ನು ಜನ ಡೆಕಡೆಂಟ್, ಅಂದರೆ ದಾರಿ ತಪ್ಪಿದ ಅವನತಿಯವರು, ಎಂದು ಕರೆದರು. ಅದರ ನಡುಮಧ್ಯೆ ಚಿತ್ರಕಾರ ಆಬ್ರಿ ಬಿಯರ್ಡ್ಸ್‌ಲಿ ಇದ್ದ. 1872ರಲ್ಲಿ ಬ್ರೈಟನ್‌ನಲ್ಲಿ ಹುಟ್ಟಿ, 1898ರಲ್ಲಿ ಫ್ರಾನ್ಸಿನ ಮೆಂಟೊನ್‌ನಲ್ಲಿ ಕ್ಷಯದಿಂದ ತೀರಿಕೊಂಡ. ಆಗ ಅವನಿಗೆ ಇಪ್ಪತ್ತೈದು ವರ್ಷ.

ಈ ಪುಸ್ತಕಗಳಲ್ಲಿ ಹೆಚ್ಚಿನವು ಈಗ ಮರುಮುದ್ರಣದಲ್ಲಿ ಸಿಗುತ್ತವೆ. ಪ್ರಾಜೆಕ್ಟ್ ಗುಟೆನ್‌ಬರ್ಗ್, ಇಂಟರ್ನೆಟ್ ಆರ್ಕೈವ್‌ಗಳಲ್ಲಿ ಪುಕ್ಕಟೆಯಾಗಿಯೂ ಇವೆ. ತೊಂದರೆ ಏನೆಂದರೆ ಎಲ್ಲಿಂದ ಶುರು ಮಾಡುವುದು ಎಂದು ಯಾರನ್ನೇ ಕೇಳಿದರೂ, ಆಸ್ಕರ್ ವೈಲ್ಡ್‌ನ ನಾಟಕಕ್ಕೆ ಬಿಯರ್ಡ್ಸ್‌ಲಿ ಚಿತ್ರ ಬಿಡಿಸಿದ 'ಸಲೋಮೆ' ಎನ್ನುತ್ತಾರೆ. ನಾನು ಅಷ್ಟು ಸಲೀಸಾಗಿ ಹೇಳುವುದಿಲ್ಲ. ನಿಮಗೆ ಬೇಕಿರುವುದು ಏನು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ನನ್ನ ಅಳತೆಗೋಲು ಒಂದೇ. ಚಿತ್ರ ಪುಸ್ತಕದ ಮಾತು ಎಷ್ಟು ಕೇಳುತ್ತದೆ? ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಹೊಳೆಯುತ್ತದೆ. ಭಾಗವತರು ಹಾಡುವ ಪದ್ಯ ಒಂದೇ, ಆದರೆ ಒಬ್ಬ ಅರ್ಥಧಾರಿ ಪದ್ಯದ ಒಳಗೇ ನಿಲ್ಲುತ್ತಾನೆ, ಇನ್ನೊಬ್ಬ ಪದ್ಯವನ್ನೇ ಎಳೆದುಕೊಂಡು ತನಗೆ ಬೇಕಾದ ಕಡೆ ಹೋಗುತ್ತಾನೆ. ಈ ಪುಸ್ತಕಗಳಲ್ಲಿ ಎರಡೂ ಬಗೆಯವರಿದ್ದಾರೆ. ನಿಮಗೆ ಯಾರು ಇಷ್ಟ ಎಂದು ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಮೊದಲು ಬ್ಲಾಕ್ ಬಗ್ಗೆ

ಅಚ್ಚಿನ ವಿಷಯ ಸ್ವಲ್ಪ ಗೊತ್ತಿದ್ದರೆ ಕೊಳ್ಳುವಾಗ ಮೋಸ ಹೋಗುವುದಿಲ್ಲ. 1860ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಪುಸ್ತಕಕ್ಕೆ ಚಿತ್ರ ಬೇಕೆಂದರೆ ಕಲಾವಿದ ಬಿಡಿಸಿದ್ದನ್ನು ಬೇರೆಯವರು ಮರದ ಹಲಗೆಯ ಮೇಲೆ ಕೊರೆಯುತ್ತಿದ್ದರು. ಡಾಲ್‌ಜಿಯಲ್ ಸಹೋದರರ ಕಾರ್ಖಾನೆಯಂಥವು ಇದನ್ನೇ ಉದ್ಯೋಗ ಮಾಡಿಕೊಂಡಿದ್ದವು. ಕಲಾವಿದನ ಗೆರೆ ಇನ್ನೊಬ್ಬರ ಕೈ ದಾಟಿಯೇ ಓದುಗನಿಗೆ ಸಿಗುತ್ತಿತ್ತು. ಕೆತ್ತುವವನ ಕೈ ಒರಟಾಗಿದ್ದರೆ ಚಿತ್ರದ ಕಥೆ ಮುಗಿಯಿತು.

ಆಮೇಲೆ ಲೈನ್ ಬ್ಲಾಕ್ ಬಂತು. ಚಿತ್ರದ ಫೋಟೋ ತೆಗೆದು ಸತುವಿನ ತಗಡಿನ ಮೇಲೆ ಇಳಿಸುತ್ತಾರೆ. ಬಿಳಿ ಇರಬೇಕಾದ ಜಾಗವನ್ನು ಆಸಿಡ್ ತಿನ್ನುತ್ತದೆ, ಕಪ್ಪು ಗೆರೆ ಉಬ್ಬಾಗಿ ಉಳಿಯುತ್ತದೆ. ಅದನ್ನು ಅಕ್ಷರದ ಮೊಳೆಗಳ ಜೊತೆಗೇ ಕೂರಿಸಿ ಒಂದೇ ಯಂತ್ರದಲ್ಲಿ ಅಚ್ಚು ಹಾಕಬಹುದು. ನಮ್ಮ ಕಡೆಯ ಹಳೆಯ ಪ್ರೆಸ್ಸುಗಳಲ್ಲಿ 'ಚಿತ್ರಕ್ಕೆ ಬ್ಲಾಕ್ ಮಾಡಿಸಿ' ಎನ್ನುತ್ತಿದ್ದರಲ್ಲ, ಅದೇ ವಿದ್ಯೆ. ಅಗ್ಗ, ಬೇಗ, ಗೆರೆ ಇದ್ದ ಹಾಗೇ ಬರುತ್ತದೆ. ಒಂದೇ ಕೊರತೆ: ಬೂದು ಬಣ್ಣ ಬರುವುದಿಲ್ಲ. ಕಪ್ಪು ಅಥವಾ ಬಿಳಿ, ನಡುವೆ ಏನೂ ಇಲ್ಲ.

ಉಳಿದವರು ಇದನ್ನು ಕೊರತೆ ಎಂದುಕೊಂಡರು. ಬಿಯರ್ಡ್ಸ್‌ಲಿ ಅದನ್ನೇ ತನ್ನ ಶೈಲಿ ಮಾಡಿಕೊಂಡ. ದೊಡ್ಡ ಕಪ್ಪು ಗುಡ್ಡೆ, ಪಕ್ಕದಲ್ಲಿ ಕೂದಲೆಳೆಯಂಥ ಗೆರೆ, ಉಳಿದಿದ್ದೆಲ್ಲ ಖಾಲಿ. ಜಪಾನಿನ ಮರದಚ್ಚಿನ ಚಿತ್ರಗಳಿಂದ ಈ ಧೈರ್ಯ ಬಂತು ಎನ್ನುತ್ತಾರೆ. ಅದು ನಿಜ, ಆದರೆ ಅರ್ಧ ನಿಜ. ಇನ್ನರ್ಧ ಸತುವಿನ ತಗಡಿನಿಂದ ಬಂತು.

ಕೊಳ್ಳುವವರಿಗೆ ಇದರಿಂದ ಏನು ಲಾಭ? ಲೈನ್ ಬ್ಲಾಕಿಗೆಂದೇ ಬಿಡಿಸಿದ ಚಿತ್ರ ಅಗ್ಗದ ಮರುಮುದ್ರಣದಲ್ಲೂ ಹೆಚ್ಚು ಕೆಡುವುದಿಲ್ಲ. ಪೆನ್ಸಿಲ್ಲಿನಲ್ಲೋ ತೆಳು ಶಾಯಿ ಬಳಿದೋ ಮಾಡಿದ್ದು ಕೆಡುತ್ತದೆ. ಬಿಯರ್ಡ್ಸ್‌ಲಿಯ ಕೊನೆಯ ಕೆಲಸಗಳಲ್ಲೊಂದಾದ 'ವೊಲ್ಪೋನೆ'ಯಲ್ಲಿ (ಬೆನ್ ಜಾನ್ಸನ್‌ನ ನಾಟಕ) ಮೊದಲಕ್ಷರಗಳನ್ನು ಅವನು ಪೆನ್ಸಿಲ್ಲಿನಲ್ಲಿ ಮಾಡಿದ. ಕಳಪೆ ಕಾಗದದ ಮೇಲೆ ಅವು ಕೆಸರಿನ ಹಾಗೆ ಕಾಣುತ್ತವೆ. ಅಗ್ಗದ ಪ್ರತಿ ಕೊಳ್ಳುವ ಮನಸ್ಸಿದ್ದರೆ ಗೆರೆಯ ಪುಸ್ತಕಗಳ ಕಡೆಗೇ ಹೋಗಿ.

ಸಲೋಮೆ, 1894: ಚಿತ್ರ ಮಾತು ಕೇಳುವುದೇ ಇಲ್ಲ

ಆಸ್ಕರ್ ವೈಲ್ಡ್ ಈ ನಾಟಕವನ್ನು ಫ್ರೆಂಚಿನಲ್ಲಿ ಬರೆದ. ರಾಜಕುಮಾರಿ ಸಲೋಮೆ ಕುಣಿದು, ಅದಕ್ಕೆ ಬಹುಮಾನವಾಗಿ ಪ್ರವಾದಿ ಯೋಹಾನನ ತಲೆ ಕೇಳುವ ಬೈಬಲ್ ಕಥೆ ಅದು. 1892ರಲ್ಲಿ ಫ್ರೆಂಚ್ ನಟಿ ಸಾರಾ ಬರ್ನಾರ್ಡ್ ಲಂಡನ್ನಿನಲ್ಲಿ ಆಡಲು ತಾಲೀಮು ನಡೆಸಿದ್ದಳು. ಬೈಬಲ್ಲಿನ ಪಾತ್ರಗಳನ್ನು ರಂಗಕ್ಕೆ ತರುವಂತಿಲ್ಲ ಎಂದು ಸರಕಾರ ತಡೆಯಿತು. ಮರುವರ್ಷ ಫ್ರೆಂಚ್ ಪುಸ್ತಕ ಬಂತು. ಇಂಗ್ಲಿಷ್ ಪುಸ್ತಕ 1894ರಲ್ಲಿ ಎಲ್ಕಿನ್ ಮ್ಯಾಥ್ಯೂಸ್ ಮತ್ತು ಜಾನ್ ಲೇನ್ ಅವರಿಂದ ಬಂತು, ಬಿಯರ್ಡ್ಸ್‌ಲಿಯ ಚಿತ್ರಗಳೊಂದಿಗೆ. ಅವನಿಗೆ ಈ ಕೆಲಸ ಸಿಕ್ಕಿದ್ದು 1893ರ ಏಪ್ರಿಲ್‌ನಲ್ಲಿ 'ದಿ ಸ್ಟುಡಿಯೋ' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಬಂದ ಒಂದು ಚಿತ್ರದಿಂದ. ಸಲೋಮೆ ಯೋಹಾನನ ಕತ್ತರಿಸಿದ ತಲೆಯನ್ನು ಎತ್ತಿ ಹಿಡಿದು ಮುಖಕ್ಕೆ ಮುಖ ಕೊಟ್ಟು ನೋಡುತ್ತಿದ್ದಾಳೆ. ರಕ್ತ ಕೆಳಗೆ ಇಳಿದು ಕೊಳವಾಗಿದೆ, ಅಲ್ಲಿಂದ ಲಿಲ್ಲಿ ಹೂವು ಎದ್ದಿದೆ. ಪುಸ್ತಕಕ್ಕೆ ಅದನ್ನೇ ಇನ್ನಷ್ಟು ಸೋಸಿ, ಗೆರೆ ಕಡಿಮೆ ಮಾಡಿ ಮತ್ತೆ ಬಿಡಿಸಿದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಹುಡುಗನೊಬ್ಬ ತನಗೆ ಗೊತ್ತಿರುವುದನ್ನೆಲ್ಲ ತೋರಿಸುತ್ತಿದ್ದಾನೆ. ಎರಡನೆಯದರಲ್ಲಿ ಏನನ್ನು ಬಿಡಬೇಕು ಎಂದು ಕಲಿತಿದ್ದಾನೆ.

ಆದರೆ ನಾಟಕ ಓದುತ್ತಾ ಚಿತ್ರ ನೋಡಿದರೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ವೈಲ್ಡ್‌ನ ಮಾತು ಭಾರವಾದದ್ದು, ಮಂತ್ರದ ಹಾಗೆ ಮತ್ತೆ ಮತ್ತೆ ಸುತ್ತುತ್ತದೆ. ಚಿತ್ರಗಳು ತಣ್ಣಗೆ, ಚೂಪಾಗಿ, ನಗುತ್ತಾ ಇವೆ. ಚಂದ್ರನ ಮುಖ ವೈಲ್ಡ್‌ನದೇ. ಸಲೋಮೆಯ ತಾಯಿ ಬರುವ 'ಹೆರೋಡಿಯಾಸ್‌ಳ ಪ್ರವೇಶ'ದ ಮೂಲೆಯಲ್ಲಿ ಗೂಬೆಯ ಟೋಪಿ ಹಾಕಿಕೊಂಡು, 'ಸಲೋಮೆ' ಪುಸ್ತಕವನ್ನೇ ಹಿಡಿದು ನಿಂತವನೂ ವೈಲ್ಡ್‌ನೇ. ಸಲೋಮೆಯ ಸಿಂಗಾರದ ಮೇಜಿನ ಕೆಳಗೆ ಜೋಲಾನ 'ನಾನಾ' ಕಾದಂಬರಿ ಇದೆ. ಬೈಬಲ್ ಕಾಲದ ರಾಜಕುಮಾರಿಯ ಕೋಣೆಯಲ್ಲಿ ಪ್ಯಾರಿಸ್ಸಿನ ಹೊಸ ಕಾದಂಬರಿ! 'ಕಪ್ಪು ಕೇಪ್' ಎಂಬ ಚಿತ್ರಕ್ಕಂತೂ ನಾಟಕದಲ್ಲಿ ಜಾಗವೇ ಇಲ್ಲ. ಅದು 1890ರ ದಶಕದ ಫ್ಯಾಷನ್ ಉಡುಪು. ತನ್ನ ನಾಟಕ ಬೈಜಾಂಟೈನ್ ಬಗೆಯದು (ಹಳೆಯ ಕ್ರೈಸ್ತ ಚರ್ಚುಗಳ ಚಿನ್ನದ, ಭಾರದ ಕಲೆಯ ಹಾಗೆ), ಚಿತ್ರಗಳು ಜಪಾನಿ ಬಗೆಯವು ಎಂದು ವೈಲ್ಡ್ ಗೊಣಗಿದ್ದನಂತೆ. ಅವನು ಹೇಳಿದ್ದು ಸರಿ. ಆದರೆ ಪುಸ್ತಕ ಉಳಿದಿರುವುದು ಆ ಚಿತ್ರಗಳಿಂದ ಅಲ್ವಾ? ಈಗ ಹೆಚ್ಚಿನವರು ನಾಟಕ ಓದದೆಯೇ ಸಲೋಮೆಯನ್ನು ಬಲ್ಲರು.

ಪ್ರಕಾಶಕ ಜಾನ್ ಲೇನ್‌ಗೆ ಭಯ ಜಾಸ್ತಿ. ಕೆಲವು ಚಿತ್ರಗಳನ್ನು ತಿರಸ್ಕರಿಸಿದ, ಕೆಲವನ್ನು ತಿದ್ದಿಸಿದ. ಹೆರೋಡಿಯಾಸ್ ಚಿತ್ರದಲ್ಲಿ ಬೆತ್ತಲೆ ಹುಡುಗನಿಗೆ ಎಲೆ ಕಟ್ಟಿಸಿದ. ಅದೇ ಚಿತ್ರದ ಮುಂದುಗಡೆ ನಿಂತ ಮೇಣದಬತ್ತಿಯ ಕಂಬಗಳ ಆಕಾರ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. ಬಿಯರ್ಡ್ಸ್‌ಲಿಗೆ ಇದೊಂದು ಆಟವೇ ಆಗಿತ್ತು ಎಂದು ನನಗೆ ಅನಿಸುತ್ತದೆ. ಒಂದನ್ನು ಎದ್ದು ಕಾಣುವ ಹಾಗೆ ಇಟ್ಟು, ಇನ್ನೊಂದನ್ನು ಪಾರು ಮಾಡುವುದು.

ಹಾಗಾಗಿ 'ಸಲೋಮೆ' ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. 1894ರ ಮೊದಲ ಆವೃತ್ತಿಯಲ್ಲಿ ಬಿಟ್ಟ ಚಿತ್ರಗಳನ್ನು 1907ರಲ್ಲಿ ಲೇನ್‌ನೇ ಸೇರಿಸಿದ. ನಿಮ್ಮ ಕೈಯಲ್ಲಿರುವ ಮರುಮುದ್ರಣದಲ್ಲಿ 'ಸಲೋಮೆಯ ಸಿಂಗಾರ' ಎರಡು ರೂಪದಲ್ಲಿ ಇದೆಯೇ? 'ಯೋಹಾನ ಮತ್ತು ಸಲೋಮೆ' ಇದೆಯೇ? ಎರಡೂ ಇದ್ದರೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಬೇರೆ ಪ್ರತಿ ಹುಡುಕಿ.

ಯಾರಿಗೆ ಇದು? ಚಿತ್ರ ಮಾತ್ರ ಬೇಕು, ಕಥೆ ಆಮೇಲೆ ನೋಡೋಣ ಎನ್ನುವವರಿಗೆ. ಗೋಡೆಗೆ ಹಾಕಲು ಒಂದು ಚಿತ್ರ ಹುಡುಕುವವರಿಗೆ. ಪುಸ್ತಕ ಎಂದರೆ ಓದಲು ಎನ್ನುವವರಿಗೆ ಅಲ್ಲ.

ಲೆ ಮಾರ್ಟ್ ಡಾರ್ಥರ್, 1893-94: ಕಲಿಯುವವರಿಗೆ

ಇದು ಅವನ ಮೊದಲ ದೊಡ್ಡ ಕೆಲಸ. ಅದಕ್ಕೆ ಮುಂಚೆ ಲಂಡನ್ನಿನ ಒಂದು ವಿಮೆ ಕಂಪನಿಯಲ್ಲಿ ಗುಮಾಸ್ತನಾಗಿದ್ದ. ಆಗಿನ ಹೆಸರಾಂತ ಚಿತ್ರಕಾರ ಎಡ್ವರ್ಡ್ ಬರ್ನ್-ಜೋನ್ಸ್ 1891ರಲ್ಲಿ ಅವನ ಚಿತ್ರ ನೋಡಿ ಕಲೆಯನ್ನೇ ಹಿಡಿ ಎಂದು ಹುರಿದುಂಬಿಸಿದ್ದ. ವೆಸ್ಟ್‌ಮಿನ್‌ಸ್ಟರ್ ಕಲಾಶಾಲೆಯ ಸಂಜೆ ತರಗತಿ ಬಿಟ್ಟರೆ ಹೇಳಿಕೊಳ್ಳುವಂಥ ತರಬೇತಿ ಇರಲಿಲ್ಲ. ಪುಸ್ತಕದಂಗಡಿಯ ಫ್ರೆಡರಿಕ್ ಎವನ್ಸ್ ಅವನನ್ನು ಪ್ರಕಾಶಕ ಜೆ. ಎಂ. ಡೆಂಟ್‌ಗೆ ಪರಿಚಯ ಮಾಡಿಸಿದ.

ಡೆಂಟ್‌ನ ಲೆಕ್ಕಾಚಾರ ವ್ಯಾಪಾರದ್ದು. ವಿಲಿಯಂ ಮಾರಿಸ್ 1891ರಲ್ಲಿ ಕೆಲ್ಮ್‌ಸ್ಕಾಟ್ ಪ್ರೆಸ್ ಶುರು ಮಾಡಿ, ಕೈಯಚ್ಚಿನಲ್ಲಿ, ಮರದ ಕೆತ್ತನೆಯಲ್ಲಿ ದುಬಾರಿ ಪುಸ್ತಕ ತರುತ್ತಿದ್ದ. ಅದೇ ರೂಪದ ಪುಸ್ತಕವನ್ನು ಲೈನ್ ಬ್ಲಾಕ್ ಬಳಸಿ ಅಗ್ಗವಾಗಿ ಯಾಕೆ ಕೊಡಬಾರದು? ಮ್ಯಾಲರಿ ಬರೆದ ಆರ್ಥರ್ ರಾಜನ ಕಥೆಯನ್ನು ಆರಿಸಿಕೊಂಡ. ಹನ್ನೆರಡು ಭಾಗಗಳಲ್ಲಿ ಪುಸ್ತಕ ಬಂತು. ಅಂಚು, ಅಧ್ಯಾಯದ ತಲೆಚಿತ್ರ, ಮೊದಲಕ್ಷರ ಎಲ್ಲ ಸೇರಿ ಮುನ್ನೂರೈವತ್ತಕ್ಕೂ ಹೆಚ್ಚು ಚಿತ್ರ ಬಿಡಿಸಬೇಕಾಯಿತು. ಮಾರಿಸ್‌ಗೆ ಇದನ್ನು ನೋಡಿ ಸಿಟ್ಟು ಬಂತು. ಬರದೆ ಇರುತ್ತದೆಯೇ?

ಓದುಗರಿಗೆ ಈ ಪುಸ್ತಕದ ಮಜಾ ಬೇರೆ ಕಡೆ ಇದೆ. ಮೊದಲ ಪುಟಗಳಲ್ಲಿ ಬರ್ನ್-ಜೋನ್ಸ್‌ನ ನೆರಳು ಎದ್ದು ಕಾಣುತ್ತದೆ. ಬಾಗಿದ ತಲೆ, ಬಾಡಿದ ಮುಖ, ಬಳ್ಳಿ ತುಂಬಿದ ದಪ್ಪ ಅಂಚು. ಹೋಗುತ್ತಾ ಹೋಗುತ್ತಾ ಹುಡುಗನಿಗೆ ಬೇಜಾರು ಹಿಡಿಯುತ್ತದೆ. ವೀರರು ಹಿಂದೆ ಸರಿಯುತ್ತಾರೆ. ಆರ್ಥರ್‌ನ ಕಥೆಗೆ ಸಂಬಂಧವೇ ಇಲ್ಲದ, ಮೇಕೆ ಕಾಲಿನ ಸಾಟಿರ್‌ಗಳು ಅಂಚಿನಲ್ಲಿ ತಲೆ ಹಾಕುತ್ತವೆ. ಬಿಳಿ ಜಾಗ ಬೆಳೆಯುತ್ತಾ ಹೋಗುತ್ತದೆ. ಒಬ್ಬ ಕಲಾವಿದ ಗುರುವಿನ ಕೈ ಬಿಡಿಸಿಕೊಳ್ಳುವುದನ್ನು ಒಂದೇ ಪುಸ್ತಕದೊಳಗೆ ಹೀಗೆ ನೋಡಲು ಸಿಗುವುದು ಅಪರೂಪ.

ಪೆನ್ನು-ಶಾಯಿಯಲ್ಲಿ ಕೈ ಪಳಗಿಸುವವರು ಮೊದಲು ಇದನ್ನೇ ಕೊಳ್ಳಲಿ. 'ಸಲೋಮೆ'ಯನ್ನು ನಕಲು ಮಾಡಲು ಕೂತರೆ ಏನೂ ಬರುವುದಿಲ್ಲ, ಯಾಕೆಂದರೆ ಅಲ್ಲಿ ಬಿಟ್ಟಿದ್ದೇ ಹೆಚ್ಚು. ಇಲ್ಲಿ ಕೈಯ ಕೆಲಸ ಕಾಣುತ್ತದೆ. ಕಪ್ಪನ್ನು ಎಲ್ಲಿ ತುಂಬಿದ, ಗೆರೆಯನ್ನು ಎಲ್ಲಿ ನಿಲ್ಲಿಸಿದ ಎಂದು ಬೆರಳಿಟ್ಟು ಹೇಳಬಹುದು. ಸುಮ್ನೆ ನೋಡುವವರಿಗೆ ಮಾತ್ರ ಇದು ಸ್ವಲ್ಪ ಹೊಟ್ಟೆ ಭಾರ. ಮುನ್ನೂರೈವತ್ತು ಚಿತ್ರಗಳಲ್ಲಿ ನೂರು ಮರೆತು ಹೋಗುವಂಥವು.

ದಿ ರೇಪ್ ಆಫ್ ದ ಲಾಕ್, 1896: ಒಂದೇ ಪುಸ್ತಕ ಎಂದರೆ ನನ್ನ ಮತ ಇದಕ್ಕೆ

ನಡುವೆ ಏನಾಯಿತು ಎಂದು ಹೇಳದೆ ಇಲ್ಲಿಗೆ ಬರಲಾಗದು. 1894ರ ಏಪ್ರಿಲ್‌ನಲ್ಲಿ ಲೇನ್ 'ದಿ ಯೆಲ್ಲೊ ಬುಕ್' ಎಂಬ ತ್ರೈಮಾಸಿಕ ಶುರು ಮಾಡಿದ. ಸಾಹಿತ್ಯಕ್ಕೆ ಹೆನ್ರಿ ಹಾರ್ಲಂಡ್, ಚಿತ್ರಕ್ಕೆ ಬಿಯರ್ಡ್ಸ್‌ಲಿ ಸಂಪಾದಕ. ವೈಲ್ಡ್ ಅದರಲ್ಲಿ ಒಮ್ಮೆಯೂ ಬರೆಯಲಿಲ್ಲ. ಆದರೂ 1895ರ ಏಪ್ರಿಲ್‌ನಲ್ಲಿ ವೈಲ್ಡ್‌ನನ್ನು ಸಲಿಂಗಕಾಮದ ಆರೋಪದ ಮೇಲೆ ಪೊಲೀಸರು ಹಿಡಿದಾಗ ಅವನ ಕಂಕುಳಲ್ಲಿ ಹಳದಿ ಪುಸ್ತಕ ಇತ್ತೆಂದು ಸುದ್ದಿಯಾಯಿತು. ಅದು ಯಾವುದೋ ಫ್ರೆಂಚ್ ಕಾದಂಬರಿ. ಜನರಿಗೆ ಅಷ್ಟೇ ಸಾಕಾಯಿತು. ಲೇನ್‌ನ ಅಂಗಡಿಯ ಕಿಟಕಿ ಗಾಜು ಒಡೆದರು. ಅವನ ಕೆಲವು ಲೇಖಕರೇ ಬಿಯರ್ಡ್ಸ್‌ಲಿಯನ್ನು ತೆಗೆಯಿರಿ ಎಂದು ಒತ್ತಾಯಿಸಿದರು. ತೆಗೆದರು. ತಾನು ಮೂಲೆಯಲ್ಲಿ ನಿಲ್ಲಿಸಿ ಗೇಲಿ ಮಾಡಿದ ಮನುಷ್ಯನ ಜೊತೆ ಹೆಸರು ತಳುಕು ಹಾಕಿಕೊಂಡು ಕೆಲಸ ಹೋಯಿತು.

ಆಗ ಕೈ ಹಿಡಿದವನು ಲೆನಾರ್ಡ್ ಸ್ಮಿದರ್ಸ್. ಮೊದಲು ಷೆಫೀಲ್ಡ್‌ನಲ್ಲಿ ವಕೀಲ, ಆಮೇಲೆ ಲಂಡನ್ನಿನಲ್ಲಿ ಪ್ರಕಾಶಕ. ಬೇರೆಯವರು ಮುಟ್ಟಲು ಹೆದರುವುದನ್ನೂ ಅಚ್ಚು ಹಾಕುತ್ತಿದ್ದ ಎಂಬ ಖ್ಯಾತಿ ಅವನದು. ಅವನ ಜೊತೆ 1896ರಲ್ಲಿ 'ದಿ ಸವಾಯ್' ಪತ್ರಿಕೆ ಬಂತು, ಎಂಟು ಸಂಚಿಕೆಗೆ ನಿಂತಿತು. ಅದೇ ವರ್ಷ ಅಲೆಕ್ಸಾಂಡರ್ ಪೋಪ್‌ನ ಈ ಕಾವ್ಯ ಹೊರಬಂತು.

ಪೋಪ್‌ನ ಕಾವ್ಯ 1712ರದು, 1714ರಲ್ಲಿ ಬೆಳೆಸಿ ಬರೆದದ್ದು. ಹೆಸರಿನ 'ರೇಪ್' ಎಂದರೆ ಇಲ್ಲಿ ಕಿತ್ತುಕೊಳ್ಳುವುದು, 'ಲಾಕ್' ಎಂದರೆ ಕೂದಲ ಸುರುಳಿ. ಒಬ್ಬ ದೊಡ್ಡ ಮನುಷ್ಯ ಒಬ್ಬ ಹುಡುಗಿಯ ಕೂದಲಿನ ಸುರುಳಿಯನ್ನು ಕದ್ದು ಕತ್ತರಿಸುತ್ತಾನೆ. ಅಷ್ಟೇ ಘಟನೆ. ಎರಡು ಮನೆತನಗಳ ನಡುವೆ ನಿಜವಾಗಿಯೇ ಆಗಿದ್ದ ಜಗಳ ಅದು. ಪೋಪ್ ಅದನ್ನು ಟ್ರಾಯ್ ಯುದ್ಧದ ಗತ್ತಿನಲ್ಲಿ ಹಾಡಿದ. ಸಣ್ಣದನ್ನು ದೊಡ್ಡದಾಗಿ ಹೇಳಿ ನಗಿಸುವ ಕಲೆ. ಬಿಯರ್ಡ್ಸ್‌ಲಿಯ ಸ್ವಭಾವಕ್ಕೆ ಇದಕ್ಕಿಂತ ಹೊಂದುವ ಪಠ್ಯ ಇನ್ನೊಂದಿಲ್ಲ.

ಒಂಬತ್ತೇ ಚಿತ್ರ. ಶೀರ್ಷಿಕೆ ಪುಟದಲ್ಲಿ ಚಿತ್ರಿಸಿದ್ದು ಎಂದು ಹಾಕಲಿಲ್ಲ, ಒಂಬತ್ತು ಚಿತ್ರಗಳ ಕಸೂತಿ ಹಾಕಿದ್ದು ಎಂದು ಹಾಕಿಕೊಂಡರು. ಜಂಬವಲ್ಲ, ಇದ್ದದ್ದೇ ಹಾಗೆ. 'ಸಲೋಮೆ'ಯ ಕಪ್ಪು ಗುಡ್ಡೆಗಳು ಮಾಯ. ಅವುಗಳ ಬದಲು ಚುಕ್ಕೆ. ಲೇಸ್, ರೇಷ್ಮೆ, ಪರದೆ, ವಿಗ್ಗು, ಕುರ್ಚಿಯ ಕಾಲಿನ ಕೆತ್ತನೆ, ಎಲ್ಲವೂ ಚುಕ್ಕೆ ಮತ್ತು ಬಿಡಿಬಿಡಿ ಗೆರೆಯಲ್ಲಿ. ಹದಿನೆಂಟನೇ ಶತಮಾನದ ಫ್ರೆಂಚ್ ಕೆತ್ತನೆಗಳನ್ನು ಅವನು ಚೆನ್ನಾಗಿ ನೋಡಿದ್ದ. ಬೂದು ಬಾರದ ಲೈನ್ ಬ್ಲಾಕಿನಲ್ಲಿ ಚುಕ್ಕೆಗಳ ದಟ್ಟಣೆ ಏರಿಸಿ ಇಳಿಸಿ ಬೂದನ್ನು ಹುಟ್ಟಿಸಿದ. 'ಸ್ಪ್ಲೀನಿನ (ಸಿಡುಕು-ಬೇಸರದ) ಗುಹೆ' ಚಿತ್ರ ನೋಡಿ. ಪೋಪ್ ಹೇಳುವ ವಿಕಾರಗಳೆಲ್ಲ ಅಲ್ಲಿವೆ, ಜೀವ ಬಂದ ಟೀ ಪಾತ್ರೆಯೂ ಇದೆ, ಆದರೂ ಚಿತ್ರ ಗಲೀಜಾಗುವುದಿಲ್ಲ. 'ದಿ ಬ್ಯಾಟಲ್' ಚಿತ್ರದಲ್ಲಿ ಸಿಟ್ಟಾದ ಹೆಂಗಸಿನ ಬೀಸಣಿಗೆ ಆಯುಧವೇ ಆಗಿದೆ. ಉರುಳಿಬಿದ್ದ ಕುರ್ಚಿ, ಮುಖ ಊದಿಸಿಕೊಂಡ ಗಂಡಸರು, ಪೋಪ್‌ನ ಗತ್ತೇ ಗೆರೆಗಿಳಿದಿದೆ.

ಚಿತ್ರಕಾರ ವಿಸ್ಲರ್‌ಗೆ ಬಿಯರ್ಡ್ಸ್‌ಲಿ ಎಂದರೆ ಆಗುತ್ತಿರಲಿಲ್ಲ. ಈ ಚಿತ್ರಗಳನ್ನು ಒಂದೊಂದಾಗಿ ನೋಡಿ, ನಿನ್ನ ವಿಷಯದಲ್ಲಿ ನಾನು ತಪ್ಪು ತಿಳಿದಿದ್ದೆ, ನೀನು ದೊಡ್ಡ ಕಲಾವಿದ ಎಂದನಂತೆ. ಹುಡುಗ ಅತ್ತುಬಿಟ್ಟ ಎಂದು ಜೊತೆಗಿದ್ದ ಜೋಸೆಫ್ ಪೆನೆಲ್ ಬರೆದಿದ್ದಾನೆ.

ಇಲ್ಲಿ ಚಿತ್ರ ಪಠ್ಯದ ಮಾತು ಕೇಳುತ್ತದೆ. ಆದರೆ ತಲೆ ಬಾಗಿ ಅಲ್ಲ, ಸರಿಸಮನಾಗಿ ಕೂತು. ಒಂದು ಪುಟ ಓದಿ, ಚಿತ್ರ ನೋಡಿ, ಮತ್ತೆ ಓದಿದರೆ ಕಾವ್ಯ ಇನ್ನಷ್ಟು ನಗಿಸುತ್ತದೆ. 'ಸಲೋಮೆ'ಯಲ್ಲಿ ಇದು ಆಗುವುದಿಲ್ಲ. ಒಂದು ಎಚ್ಚರಿಕೆ: ಈ ಪುಸ್ತಕವನ್ನು ಮೊಬೈಲಿನಲ್ಲಿ ನೋಡಬೇಡಿ. ಚುಕ್ಕೆಗಳು ಕಲಸಿ ಬರೀ ಬೂದು ಬಟ್ಟೆಯಾಗುತ್ತವೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ, ಇಲ್ಲವೇ ನುಣುಪು ಕಾಗದದ ಅಚ್ಚು ಪ್ರತಿ ತನ್ನಿ.

ಲೈಸಿಸ್ಟ್ರಾಟಾ: ಮನೆಯ ಮೇಜಿನ ಮೇಲೆ ಇಡುವಂಥದ್ದಲ್ಲ

ಪ್ರಾಚೀನ ಗ್ರೀಸಿನ ಅರಿಸ್ಟೊಫನೀಸ್‌ನ ನಾಟಕಕ್ಕೆ ಎಂಟು ಚಿತ್ರ, 1896. ಸ್ಮಿದರ್ಸ್ ಇದನ್ನು ಖಾಸಗಿಯಾಗಿ ನೂರು ಪ್ರತಿ ಮಾತ್ರ ಅಚ್ಚು ಹಾಕಿದ. ಯುದ್ಧ ನಿಲ್ಲಿಸುವ ತನಕ ಗಂಡಂದಿರನ್ನು ಹತ್ತಿರ ಸೇರಿಸುವುದಿಲ್ಲ ಎಂದು ಹೆಂಗಸರು ಹಟ ಹಿಡಿಯುವ ನಾಟಕ ಇದು. ಚಿತ್ರಗಳಲ್ಲಿ ಮುಚ್ಚುಮರೆ ಇಲ್ಲವೇ ಇಲ್ಲ. ಹಿನ್ನೆಲೆಯೂ ಇಲ್ಲ. ಖಾಲಿ ಬಿಳಿಯ ಮೇಲೆ ಗ್ರೀಕ್ ಮಡಕೆಯ ಚಿತ್ರಗಳ ಹಾಗೆ ಬರೀ ಹೊರಗೆರೆ. ಗೆರೆಯ ಬಲದ ಮಟ್ಟಿಗೆ ಹೇಳುವುದಾದರೆ ಅವನ ಅತ್ಯಂತ ಗಟ್ಟಿ ಕೆಲಸ ಇದೇ ಇರಬಹುದು. ಪಠ್ಯಕ್ಕೆ ಅತಿ ನಿಷ್ಠವಾದದ್ದೂ ಇದೇ, ಯಾಕೆಂದರೆ ಅರಿಸ್ಟೊಫನೀಸ್‌ನೂ ಹೀಗೇ ಮಾತಾಡುತ್ತಾನೆ.

1897ರಲ್ಲಿ ಬಿಯರ್ಡ್ಸ್‌ಲಿ ಕ್ಯಾಥೊಲಿಕ್ ಆದ. ಸಾಯುವ ಕೆಲವೇ ದಿನ ಮುಂಚೆ, 1898ರ ಮಾರ್ಚ್‌ನಲ್ಲಿ, 'ಲೈಸಿಸ್ಟ್ರಾಟಾ'ದ ಪ್ರತಿಗಳನ್ನೂ ಕೆಟ್ಟ ಚಿತ್ರಗಳನ್ನೆಲ್ಲ ನಾಶ ಮಾಡು ಎಂದು ಸ್ಮಿದರ್ಸ್‌ಗೆ ಪತ್ರ ಬರೆದ. ಸ್ಮಿದರ್ಸ್ ಮಾಡಲಿಲ್ಲ. ಮಾಡದಿದ್ದದ್ದು ಒಳ್ಳೆಯದಾಯಿತೇ? ಚಿತ್ರ ನೋಡಿದಾಗ ಹೌದು ಎನಿಸುತ್ತದೆ, ಪತ್ರ ಓದಿದಾಗ ಗಂಟಲು ಕಟ್ಟುತ್ತದೆ. ಮಕ್ಕಳಿರುವ ಮನೆಯಾದರೆ ಮೇಲಿನ ಕಪಾಟಿನಲ್ಲಿಡಿ.

ಮಾತು ಕೇಳುವವರು: ರಿಕೆಟ್ಸ್ ಮತ್ತು ಹೌಸ್‌ಮನ್

ಬಿಯರ್ಡ್ಸ್‌ಲಿಯ ಸದ್ದಿನಲ್ಲಿ ಚಾರ್ಲ್ಸ್ ರಿಕೆಟ್ಸ್ ಕೇಳಿಸದೆ ಹೋಗುತ್ತಾನೆ. ಅನ್ಯಾಯ. ವೈಲ್ಡ್‌ನ 'ದಿ ಸ್ಫಿಂಕ್ಸ್' ಕಾವ್ಯವೂ 1894ರಲ್ಲೇ ಅದೇ ಲೇನ್-ಮ್ಯಾಥ್ಯೂಸ್ ಅವರಿಂದ ಬಂತು. ಅದೇ ಲೇಖಕ, ಅದೇ ಪ್ರಕಾಶಕ, ಅದೇ ವರ್ಷ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ರಿಕೆಟ್ಸ್ ಬರೀ ಚಿತ್ರ ಬಿಡಿಸಿ ಕೈ ತೊಳೆದುಕೊಳ್ಳಲಿಲ್ಲ. ಅಕ್ಷರ ಎಷ್ಟು ದೊಡ್ಡದು, ಸಾಲು ಎಲ್ಲಿ ನಿಲ್ಲಬೇಕು, ಎಷ್ಟು ಖಾಲಿ ಬಿಡಬೇಕು, ರಟ್ಟಿನ ಮೇಲೆ ಚಿನ್ನದ ಗೆರೆ ಹೇಗೆ ಓಡಬೇಕು, ಎಲ್ಲ ಅವನೇ ತೀರ್ಮಾನಿಸಿದ. ಕಾವ್ಯ ಪೂರ್ತಿ ದೊಡ್ಡಕ್ಷರಗಳಲ್ಲಿದೆ. ಪುಟದಲ್ಲಿ ಕೆಲವೇ ಸಾಲು. ಚಿತ್ರಗಳು ಕೆಂಗಂದು ಶಾಯಿಯಲ್ಲಿ, ಮೊದಲಕ್ಷರಗಳು ಹಸಿರಿನಲ್ಲಿ. ಹಾಗಾಗಿ ಹಟ ಹಿಡಿದು ಕಪ್ಪು-ಬಿಳುಪು ಎನ್ನುವವರು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ಗೆರೆಯ ಮನಸ್ಸು ಅದೇ.

ಇದಕ್ಕೆ ಒಂದು ವರ್ಷ ಮುಂಚೆ ಜಾನ್ ಗ್ರೇಯ ಕವಿತೆಗಳಿಗೂ ರಿಕೆಟ್ಸ್ ಇಂಥದ್ದೇ ರೂಪ ಕೊಟ್ಟಿದ್ದ. ಉದ್ದ-ಸಣ್ಣ ಪುಸ್ತಕ, ಚೂರು ಅಕ್ಷರ, ಬೇಕಾದಷ್ಟು ಅಂಚು. ಅದನ್ನು ನೋಡಿ ಲೇಖಕಿ ಏಡಾ ಲೆವರ್ಸನ್ ತನ್ನ ಗೆಳೆಯ ವೈಲ್ಡ್‌ಗೆ ಸಲಹೆ ಕೊಟ್ಟಳಂತೆ: ನೀವು ಬರೀ ಅಂಚೇ ಇರುವ ಪುಸ್ತಕ ತಂದುಬಿಡಿ. ನಗು ಬಂದರೂ ವಿಷಯ ನಿಜ. ರಿಕೆಟ್ಸ್‌ಗೆ ಖಾಲಿ ಜಾಗ ಓದುಗನ ಉಸಿರಾಟಕ್ಕೆ, ಬಿಯರ್ಡ್ಸ್‌ಲಿಗೆ ಅದು ಚಿತ್ರದ ಆಯುಧ.

'ಸ್ಫಿಂಕ್ಸ್' ಕೊಳ್ಳುವವರಿಗೆ ಒಂದು ತೊಡಕು. ಇದನ್ನು ಬಿಡಿ ಚಿತ್ರಗಳಾಗಿ ನೋಡಿದರೆ ಏನೂ ಸಿಗುವುದಿಲ್ಲ. ಇಡೀ ಪುಟವನ್ನು ಹಾಗೇ ತೋರಿಸುವ ಮರುಮುದ್ರಣ ಅಥವಾ ಸ್ಕ್ಯಾನ್ ಬೇಕು. ಪುಸ್ತಕ ವಿನ್ಯಾಸ ಮಾಡುವವರು, ಪುಟ ಕಟ್ಟುವವರು, ಕವನ ಸಂಕಲನ ತರಬೇಕೆಂದಿರುವವರು 'ಸಲೋಮೆ' ಬಿಟ್ಟು ಇದನ್ನು ನೋಡಲಿ.

ಲಾರೆನ್ಸ್ ಹೌಸ್‌ಮನ್ ಇನ್ನೊಂದು ದಾರಿ. ಕವಿ ಎ. ಇ. ಹೌಸ್‌ಮನ್‌ನ ತಮ್ಮ. 1893ರಲ್ಲಿ ಕ್ರಿಸ್ಟಿನಾ ರೊಸೆಟ್ಟಿಯ 'ಗಾಬ್ಲಿನ್ ಮಾರ್ಕೆಟ್' ಕವಿತೆಗೆ ಚಿತ್ರ ಬಿಡಿಸಿದ. ಹಣ್ಣು ಮಾರಲು ಬಂದ ಕುಬ್ಜ ಭೂತಗಳು, ಪ್ರಾಣಿಗಳ ಮುಖ, ದೊಗಲೆ ಅಂಗಿ, ಪುಟದ ಮೂಲೆಮೂಲೆಗೂ ತುಂಬಿದ ಬುಟ್ಟಿ-ಎಲೆ-ಕೈಗಳು. ಬಿಯರ್ಡ್ಸ್‌ಲಿಯ ತಣ್ಣನೆಯ ಬಿಳಿ ಇಲ್ಲಿಲ್ಲ, ಉಸಿರು ಕಟ್ಟುವ ದಟ್ಟಣೆ ಇದೆ. ಕವಿತೆಯೂ ಹಣ್ಣುಗಳ ಪಟ್ಟಿಯಿಂದಲೇ ಶುರುವಾಗುವುದರಿಂದ ಅದು ಹೊಂದುತ್ತದೆ. ಅವನ ಅಕ್ಕ ಕ್ಲೆಮೆನ್ಸ್ ಬರೆದ 'ದಿ ವೇರ್-ವುಲ್ಫ್' ಕಥೆ 1896ರಲ್ಲಿ ಪುಸ್ತಕವಾದಾಗ ತಮ್ಮ ಚಿತ್ರ ಬಿಡಿಸಿದ, ಅಕ್ಕ ತಾನೇ ಮರದಲ್ಲಿ ಕೆತ್ತಿದಳು. ಕಥೆ ಬರೆದವಳೇ ಚಿತ್ರ ಕೆತ್ತಿದಳು ಎಂದರೆ ಮಾತು ಕೇಳುವುದು ಇನ್ನೇನು! ಮುಂದೆ ಲಾರೆನ್ಸ್ ಕಣ್ಣಿನ ತೊಂದರೆಯಿಂದ ಚಿತ್ರ ಬಿಟ್ಟು ಬರವಣಿಗೆ ಹಿಡಿದ. ಹೆಂಗಸರ ಮತದಾನದ ಹೋರಾಟದಲ್ಲಿ ಕ್ಲೆಮೆನ್ಸ್ ಜೈಲಿಗೂ ಹೋಗಿ ಬಂದಳು.

ಕಥೆ ಓದುತ್ತಾ ಹೆದರಬೇಕು, ಆದರೆ ಅಶ್ಲೀಲ ಬೇಡ ಎನ್ನುವವರಿಗೆ ಹೌಸ್‌ಮನ್ ಸರಿ. ದೊಡ್ಡ ಮಕ್ಕಳಿಗೂ ಧೈರ್ಯವಾಗಿ ಕೊಡಬಹುದು.

ಪೋ ಕಥೆಗಳಿಗೆ ಯಾರು?

ಅಮೆರಿಕದ ಭಯದ ಕಥೆಗಾರ ಎಡ್ಗರ್ ಅಲನ್ ಪೋನ ಕಥೆ ಇಷ್ಟ ಎನ್ನುವವರು ಇಲ್ಲಿ ಒಂದು ಕ್ಷಣ ನಿಲ್ಲಿ. ಬಿಯರ್ಡ್ಸ್‌ಲಿ 1894-95ರಲ್ಲಿ ಷಿಕಾಗೋದ ಸ್ಟೋನ್ ಅಂಡ್ ಕಿಂಬಲ್‌ಗಾಗಿ ಪೋನ ನಾಲ್ಕು ಕಥೆಗಳಿಗೆ ಚಿತ್ರ ಮಾಡಿದ. 'ಕರಿ ಬೆಕ್ಕು' ಚಿತ್ರದಲ್ಲಿ ಹೆಣದ ತಲೆಯ ಮೇಲೆ ಬೆಕ್ಕು ಕೂತಿದೆ. ಸುತ್ತ ಕಪ್ಪೇ ಕಪ್ಪು. ನಾಲ್ಕೇ ಚಿತ್ರವಾದರೂ ಒಂದೊಂದೂ ಹೊಡೆತ.

ಡಬ್ಲಿನ್‌ನ ಹ್ಯಾರಿ ಕ್ಲಾರ್ಕ್ ವಿಕ್ಟೋರಿಯಾ ಕಾಲದಲ್ಲಿ ಕೆಲಸ ಮಾಡಿದವನಲ್ಲ. 1889ರಲ್ಲಿ ಹುಟ್ಟಿದ, ಬಣ್ಣದ ಗಾಜಿನ ಕಿಟಕಿ ಮಾಡುವವನು. ಅವನ ಪೋ ಪುಸ್ತಕ 1919ರದು. ಬಿಯರ್ಡ್ಸ್‌ಲಿಯ ಗೆರೆಯನ್ನು ಹೊತ್ತುಕೊಂಡು ಬಂದು ಅದರ ಮೇಲೆ ಸಾವಿರ ಗೆರೆ ಹೇರಿದವನು ಅವನು. ಭಯ ಬೇಕು, ಬೆವರು ಬೇಕು ಎಂದರೆ ಕ್ಲಾರ್ಕ್. ಭಯವನ್ನು ದೂರದಲ್ಲಿಟ್ಟು ನೋಡಬೇಕು ಎಂದರೆ ಬಿಯರ್ಡ್ಸ್‌ಲಿ. ನನಗೆ ಪೋ ಓದುವಾಗ ಕ್ಲಾರ್ಕ್‌ನೇ ಬೇಕು, ಓದಿ ಮುಗಿಸಿದ ಮೇಲೆ ನೆನಪಿಗೆ ಬರುವುದು ಬಿಯರ್ಡ್ಸ್‌ಲಿಯ ಬೆಕ್ಕು. ಸಿಡ್ನಿ ಸೈಮ್‌ನನ್ನು ಇದೇ ಸಾಲಿಗೆ ಸೇರಿಸುವವರಿದ್ದಾರೆ. ಚೆನ್ನಾಗಿದ್ದಾನೆ, ಆದರೆ ಅವನ ಚಿತ್ರಗಳು ಬೂದು ನೆರಳನ್ನೇ ನಂಬಿಕೊಂಡಿವೆ. ಒಳ್ಳೆಯ ಮುದ್ರಣ ಸಿಗದಿದ್ದರೆ ಬೇಡ.

ಕೊಳ್ಳುವ ಮುಂಚೆ

ಪುಕ್ಕಟೆ ಸ್ಕ್ಯಾನ್ ನೋಡುವುದಾದರೆ ಕಾಗದ ಹಳದಿಯಾಗಿ ಕಾಣುತ್ತದೆ. ಆ ಹಳದಿ ಕಲಾವಿದನದಲ್ಲ, ವಯಸ್ಸಿನದು. ಕಾಂಟ್ರಾಸ್ಟ್ ಏರಿಸಿ ಒಮ್ಮೆ ಬಿಳಿ ಮಾಡಿ ನೋಡಿ, ಚಿತ್ರ ಬೇರೆಯೇ ಆಗುತ್ತದೆ. ಆದರೆ 'ರೇಪ್ ಆಫ್ ದ ಲಾಕ್'ಗೆ ಹೀಗೆ ಮಾಡಬೇಡಿ, ಸಣ್ಣ ಚುಕ್ಕೆಗಳು ಹಾರಿಹೋಗುತ್ತವೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ 'ಸಲೋಮೆ'ಯ 'ನವಿಲು ಲಂಗ' ಚಿತ್ರದ ಮೂಲವಿದೆ. ಅವರ ವೆಬ್‌ಸೈಟಿನ ಚಿತ್ರ ನೋಡಿದರೆ ಪೆನ್ಸಿಲ್ ಗೆರೆ ಎಲ್ಲಿತ್ತು, ಶಾಯಿ ಎಲ್ಲಿ ದಾಟಿತು ಎನ್ನುವುದರ ಅಂದಾಜು ಸಿಗುತ್ತದೆ.

ಒಟ್ಟು ಚಿತ್ರಸಂಗ್ರಹ ಕೊಳ್ಳಬೇಕೋ, ಬಿಡಿ ಪುಸ್ತಕವೋ? ಚಿತ್ರ ಕಲಿಯುವವರಿಗೆ ಸಂಗ್ರಹ ಸಾಕು, ದುಡ್ಡೂ ಉಳಿಯುತ್ತದೆ. ಆದರೆ ಸಂಗ್ರಹದಲ್ಲಿ ಪಠ್ಯ ಇರುವುದಿಲ್ಲ, ಹಾಗಾಗಿ ಚಿತ್ರ ಮಾತು ಕೇಳಿತೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಓದುವವರು ಬಿಡಿ ಪುಸ್ತಕವನ್ನೇ ತನ್ನಿ.

ಕೊನೆಯದಾಗಿ ಖೋಟಾ ಮಾಲು. ಬಿಯರ್ಡ್ಸ್‌ಲಿ ತೀರಿಕೊಂಡ ಮೇಲೆ ಅವನ ಹೆಸರಿನಲ್ಲಿ ನಕಲಿ ಚಿತ್ರಗಳು ಧಾರಾಳವಾಗಿ ಹುಟ್ಟಿಕೊಂಡವು. 1920ರಲ್ಲಿ ನ್ಯೂಯಾರ್ಕಿನಲ್ಲಿ ಎಚ್. ಎಸ್. ನಿಕಲ್ಸ್ ಎಂಬವನು ಆಬ್ರಿ ಬಿಯರ್ಡ್ಸ್‌ಲಿಯ ಐವತ್ತು ಚಿತ್ರಗಳು ಎಂದು ಒಂದು ಪುಸ್ತಕವನ್ನೇ ತಂದ. ಅವು ನಕಲಿ. ಅದರೊಳಗಿನ ಚಿತ್ರಗಳು ಇವತ್ತಿಗೂ ಅಂತರ್ಜಾಲದಲ್ಲಿ ಬಿಯರ್ಡ್ಸ್‌ಲಿಯ ಹೆಸರಿನಲ್ಲಿ ಓಡಾಡುತ್ತವೆ. ನೋಡಿದರೆ ತಿಳಿಯುತ್ತದೆ: ಅಲಂಕಾರ ಎಲ್ಲ ಇದೆ, ಕೋಡು, ಮುಖವಾಡ, ಗುಲಾಬಿ ಎಲ್ಲ ಇದೆ, ಆದರೆ ಗೆರೆ ಅಳುಕುತ್ತದೆ. ಚಿತ್ರದ ಕೆಳಗೆ ಯಾವ ಪುಸ್ತಕದ್ದು, ಯಾವ ವರ್ಷದ್ದು ಎಂದು ಬರೆದಿಲ್ಲದಿದ್ದರೆ ಫ್ರೇಮ್ ಹಾಕಿಸುವ ಮುಂಚೆ ಒಮ್ಮೆ ಹುಡುಕಿ ನೋಡಿ.